ಮಿಕ್ಕ ಸೀಟಿನ ಶಾಸ್ತ್ರವಲ್ಲ

ಎಂಎಸ್ಸಿ ಕೆಮಿಸ್ಟ್ರಿಗೆ ಸೇರುವ ಮಕ್ಕಳಿಗೆ ಕಾಚಿಗೂಡದ ಕನ್ನಡ ಮನೆಗಳಲ್ಲಿ ಸಿಗುವ ಸಲಹೆ ಒಂದೇ. “ಆರ್ಗ್ಯಾನಿಕ್ ತಗೋಪಾ, ಫಾರ್ಮಾದಾಗ ನೌಕರಿ ಸಿಗತದ. ಅದು ಸಿಗಲಿಲ್ಲಂದ್ರ ಅನಲಿಟಿಕಲ್. ಫಿಸಿಕಲ್ ಕಡೆ ಮಾತ್ರ ಹೋಗಬ್ಯಾಡ.” ಸೋದರಮಾವ ಹೇಳುತ್ತಾನೆ, ಜೀಡಿಮೆಟ್ಲದಲ್ಲಿ ಶಿಫ್ಟ್ ಮಾಡುವ ಪಕ್ಕದ ಮನೆಯ ಅಣ್ಣ ಹೇಳುತ್ತಾನೆ, ಕೋಚಿಂಗ್ ಸೆಂಟರಿನವರು ಹೇಳುತ್ತಾರೆ, ಕೊನೆಗೆ ಡಿಗ್ರಿ ಕಾಲೇಜಿನ ಲೆಕ್ಚರರೂ ದನಿಗೂಡಿಸುತ್ತಾರೆ. ನಾಲ್ಕು ಬಾಯಲ್ಲಿ ಬಂದ ಮಾತು ವೇದವಾಕ್ಯವಾಗಿಬಿಡುತ್ತದೆ. ಈ ವೇದವಾಕ್ಯ ತಪ್ಪು. ಅದನ್ನು ಒಳ್ಳೆಯ ಮನಸ್ಸಿನಿಂದ, ಮಕ್ಕಳ ಹಿತ ಬಯಸಿಯೇ ಹೇಳುತ್ತಾರೆ ಎಂಬ ಕಾರಣಕ್ಕೆ ಅದರ ಕೇಡು ಕಡಿಮೆಯಾಗುವುದಿಲ್ಲ.

ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಇರುವ, ಬೆಂಗಳೂರು-ಮೈಸೂರು ಕಡೆಯ ರೈಲುಗಳು ಬಂದು ನಿಲ್ಲುವ ಈ ಬಡಾವಣೆಯಲ್ಲಿ ಆಡಿದ ಮಾತು ಇಲ್ಲೇ ಉಳಿಯುವುದಿಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ಮನೆಗಳಲ್ಲಿ ಹೈದರಾಬಾದಿನ ನೆಂಟರ ಮಾತಿಗೆ ತೂಕ ಜಾಸ್ತಿ. ಔಷಧ ಕಾರ್ಖಾನೆಗಳ ಊರಿನಲ್ಲೇ ಕೂತವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ ಎಂಬ ಭರವಸೆ. ಹಾಗಾಗಿ ಮೊದಲ ರ‍್ಯಾಂಕಿನವರು ಆರ್ಗ್ಯಾನಿಕ್‌ಗೆ, ನಂತರದವರು ಅನಲಿಟಿಕಲ್‌ಗೆ, ಎಲ್ಲಿಯೂ ಸಲ್ಲದವರು ಫಿಸಿಕಲ್‌ಗೆ ಎಂಬ ಜಾತಿಪದ್ಧತಿ ವಿಶ್ವವಿದ್ಯಾಲಯಕ್ಕೆ ಕಾಲಿಡುವ ಮೊದಲೇ ಮಕ್ಕಳ ತಲೆಯಲ್ಲಿ ನೆಲೆ ಊರಿರುತ್ತದೆ.

ಖಂಡಿಸುವ ಮುನ್ನ ಎದುರಾಳಿಯ ವಾದವನ್ನು ಸರಿಯಾಗಿ ಮುಂದಿಡಬೇಕು. ಅವರ ಮಾತಿನಲ್ಲಿ ಮೂರು ಎಳೆಗಳಿವೆ. ಮೊದಲನೆಯದು, ಭೌತ ರಸಾಯನಶಾಸ್ತ್ರ ಓದಿದವರಿಗೆ ಉದ್ಯಮದಲ್ಲಿ ಕೆಲಸವಿಲ್ಲ. ಎರಡನೆಯದು, ಅದು ರಸಾಯನಶಾಸ್ತ್ರದ ವೇಷ ಹಾಕಿದ ಗಣಿತ. ಸಿಬಿಝಡ್ ಓದಿಕೊಂಡು, ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಅದು ದಕ್ಕುವುದಿಲ್ಲ. ಮೂರನೆಯದು, ಅದೆಲ್ಲ ಬರೀ ಥಿಯರಿ. ಬೇಕಾದ ಲೆಕ್ಕವನ್ನು ಈಗ ಯಂತ್ರವೂ ಸಾಫ್ಟ್‌ವೇರೂ ಮಾಡಿಕೊಡುತ್ತವೆ.

ಮೊದಲನೆಯದರಲ್ಲಿ ಒಂದು ನಿಜವಿದೆ. ವಾಕ್‌ಇನ್ ಜಾಹೀರಾತುಗಳನ್ನು ತೆರೆದು ನೋಡಿ: “ಎಂಎಸ್ಸಿ ಆರ್ಗ್ಯಾನಿಕ್, ಫ್ರೆಷರ್ಸ್, ಪ್ರೊಡಕ್ಷನ್”, “ಎಂಎಸ್ಸಿ ಅನಲಿಟಿಕಲ್, ಕ್ಯೂಸಿ”. ಫಿಸಿಕಲ್ ಎಂಬ ಹೆಸರು ಅಲ್ಲಿ ಅಪರೂಪ. ಇದನ್ನು ಅಲ್ಲಗಳೆಯುವವನು ಮಕ್ಕಳಿಗೆ ಸುಳ್ಳು ಹೇಳಿದಂತಾಗುತ್ತದೆ. ಆದರೆ ಜಾಹೀರಾತು ಹೇಳುವುದು ಮೊದಲ ಕುರ್ಚಿಯ ಮಾತನ್ನು ಮಾತ್ರ. ಕಾರ್ಖಾನೆಗೆ ಗೇಟಿನಲ್ಲಿ ಎಷ್ಟು ಜನ ಬೇಕು ಎಂಬುದು ಅದರಿಂದ ತಿಳಿಯುತ್ತದೆ. ಒಳಗೆ ತೀರ್ಮಾನಗಳು ಯಾವ ತಿಳಿವಳಿಕೆಯ ಮೇಲೆ ನಡೆಯುತ್ತವೆ ಎಂಬುದು ತಿಳಿಯುವುದಿಲ್ಲ. ನಮ್ಮ ಹಿರಿಯರು ಗೇಟಿಗೆ ಅಂಟಿಸಿದ ಕಾಗದ ಓದಿ ಇಡೀ ಕಾರ್ಖಾನೆಯನ್ನು ಅಳೆದಿದ್ದಾರೆ.

ಆ ತೀರ್ಮಾನಗಳು ಎಂಥವು? ಮಾತ್ರೆಯ ಮೇಲೆ ಅಚ್ಚಾಗುವ ಎಕ್ಸ್‌ಪೈರಿ ತಾರೀಖನ್ನೇ ತೆಗೆದುಕೊಳ್ಳಿ. ಎರಡು ವರ್ಷ ಬಾಳುತ್ತದೆ ಎಂದು ಹೇಳಲು ಕಂಪನಿ ಎರಡು ವರ್ಷ ಕಾದು ಕೂರುವುದಿಲ್ಲ. 40 ಡಿಗ್ರಿ ಸೆಲ್ಸಿಯಸ್ ಶಾಖ, ಶೇ 75 ತೇವಾಂಶದ ಸ್ಟೆಬಿಲಿಟಿ ಛೇಂಬರಿನಲ್ಲಿ 6 ತಿಂಗಳು ಇಟ್ಟು, ಎಷ್ಟು ಕೆಟ್ಟಿತು ಎಂದು ಅಳೆದು, ಮುಂದಿನದನ್ನು ಅಂದಾಜಿಸುತ್ತಾರೆ. ದೀರ್ಘಾವಧಿಯ ಪರೀಕ್ಷೆ ಜೊತೆಗೇ ಸಾಗುತ್ತಿರುತ್ತದೆ. ಈ ಅಂದಾಜಿನ ಬೆನ್ನೆಲುಬು ಸ್ವಾಂಟೆ ಅರ‍್ಹೀನಿಯಸ್ 1889ರಲ್ಲಿ ಕೊಟ್ಟ ಸಮೀಕರಣ. ಅದರಲ್ಲಿ ಇರುವುದು ಆಕ್ಟಿವೇಷನ್ ಎನರ್ಜಿ ಎಂಬ ಒಂದು ಸಂಖ್ಯೆಯ ಆಟ. ಔಷಧ ಕೆಡುವ ಕ್ರಿಯೆಗೆ ಅದು ಮೋಲಿಗೆ 50 ಕಿಲೋಜೂಲ್ ಇದ್ದರೆ, 25ರಿಂದ 40 ಡಿಗ್ರಿಗೆ ಏರಿದಾಗ ಕೆಡುವ ವೇಗ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. 83 ಇದ್ದರೆ ಸುಮಾರು 5 ಪಟ್ಟು. 120 ಇದ್ದರೆ 10 ಪಟ್ಟು. ಅಂದರೆ ಛೇಂಬರಿನಲ್ಲಿ ಕಳೆದ ಅದೇ 6 ತಿಂಗಳು ಒಂದು ಔಷಧದ ವಿಷಯದಲ್ಲಿ 16 ತಿಂಗಳಿಗೆ ಸಾಕ್ಷಿ, ಇನ್ನೊಂದರಲ್ಲಿ ಎರಡೂವರೆ ವರ್ಷಕ್ಕೆ, ಮತ್ತೊಂದರಲ್ಲಿ 5 ವರ್ಷಕ್ಕೆ. ತೇವಾಂಶದ ಪ್ರಭಾವದ ಲೆಕ್ಕ ಬೇರೆಯೇ ಇದೆ. ಎಚ್‌ಪಿಎಲ್‌ಸಿ ಯಂತ್ರದಲ್ಲಿ ಸ್ಯಾಂಪಲ್ ಹಾಕಿ ಪೀಕ್ ಓದುವವನಿಗೆ ಒಂದು ಸಂಬಳ. ಈ ಅಂಕಿಗಳು ಯಾವಾಗ ನಂಬಲರ್ಹ, ಯಾವಾಗ ಮೋಸ ಎಂದು ಹೇಳಬಲ್ಲವನಿಗೆ ಇನ್ನೊಂದು.

ಮಾತ್ರೆ ಕರಗುವ ವಿಷಯಕ್ಕೆ ಬನ್ನಿ. ಹೈದರಾಬಾದಿನ ಯಾವುದೇ ಕ್ಯೂಸಿ ಪ್ರಯೋಗಾಲಯದಲ್ಲಿ 37 ಡಿಗ್ರಿಯ ದ್ರವದಲ್ಲಿ ಪ್ಯಾಡಲ್ ತಿರುಗಿಸುತ್ತ ಡಿಸಲ್ಯೂಷನ್ ಪರೀಕ್ಷೆ ನಡೆಯುತ್ತಿರುತ್ತದೆ. ಅದರ ಮೂಲದಲ್ಲಿರುವುದು ನಾಯ್ಸ್ ಮತ್ತು ವಿಟ್ನಿ 1897ರಲ್ಲಿ ಬೆನ್‌ಜೋಯಿಕ್ ಆಮ್ಲ ಮತ್ತು ಸೀಸದ ಕ್ಲೋರೈಡ್ ನೀರಿನಲ್ಲಿ ಕರಗುವ ವೇಗ ಅಳೆದು ಕಂಡುಕೊಂಡ ನಿಯಮ. ಅವರು ಔಷಧದ ಯೋಚನೆ ಮಾಡುತ್ತಿರಲಿಲ್ಲ. ಇಂದು ಮೂಲ ಕಂಪನಿಯ ಮಾತ್ರೆಗೆ ನಮ್ಮ ಜೆನೆರಿಕ್ ಮಾತ್ರೆ ಸಮ ಎಂದು ತೋರಿಸುವ ದಾರಿಯಲ್ಲಿ ಕರಗುವ ವೇಗದ ಹೋಲಿಕೆಯನ್ನು ದಾಟದೆ ಮುಂದೆ ಹೋಗುವಂತಿಲ್ಲ.

ಹರಳಿನ ಕತೆ ಇನ್ನೂ ದುಬಾರಿಯದು. ಅಬಾಟ್ ಕಂಪನಿಯ ರಿಟೊನಾವಿರ್ ಎಂಬ ಎಚ್‌ಐವಿ ಔಷಧ 1996ರಲ್ಲಿ ಮಾರುಕಟ್ಟೆಗೆ ಬಂತು. ಎರಡು ವರ್ಷ ಎಲ್ಲ ಸರಿಯಿತ್ತು. 1998ರಲ್ಲಿ ಕ್ಯಾಪ್ಸೂಲುಗಳು ಇದ್ದಕ್ಕಿದ್ದಂತೆ ಡಿಸಲ್ಯೂಷನ್ ಪರೀಕ್ಷೆಯಲ್ಲಿ ಸೋಲತೊಡಗಿದವು. ಅಣು ಅದೇ, ಶುದ್ಧತೆ ಅದೇ, ಸಿಂಥೆಸಿಸ್‌ನಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೆ ಅದೇ ಅಣುಗಳು ಬೇರೆ ರೀತಿಯಲ್ಲಿ ಜೋಡಿಸಿಕೊಂಡು ಹೆಚ್ಚು ಸ್ಥಿರವಾದ, ಕಡಿಮೆ ಕರಗುವ ಹೊಸ ಹರಳಾಗಿದ್ದವು. ಒಮ್ಮೆ ಅದು ಕಾಣಿಸಿಕೊಂಡ ಮೇಲೆ ಹಳೆಯ ಹರಳನ್ನು ಮೊದಲಿನಂತೆ ತಯಾರಿಸುವುದೇ ಕಷ್ಟವಾಯಿತು. ಕ್ಯಾಪ್ಸೂಲನ್ನು ಹಿಂತೆಗೆದು, ಔಷಧದ ರೂಪವನ್ನೇ ಬದಲಿಸಬೇಕಾಯಿತು. ಎಷ್ಟೇ ಒಳ್ಳೆಯ ಸಿಂಥೆಟಿಕ್ ಕೆಮಿಸ್ಟ್ ಇದ್ದರೂ ಅಲ್ಲಿ ಕೈಚೆಲ್ಲಬೇಕಿತ್ತು, ಏಕೆಂದರೆ ಪ್ರಶ್ನೆ ಬಂಧಗಳನ್ನು ಕಟ್ಟುವುದರದಲ್ಲ, ಶಕ್ತಿಯ ಹಾಗೂ ಸ್ಥಿರತೆಯದು.

ಹರಳಿನ ಈ ವಿದ್ಯೆಗೆ ಜಗತ್ತಿನಲ್ಲಿ ಹೆಸರಾದ ಜಾಗಗಳಲ್ಲಿ ಒಂದು ಕಾಚಿಗೂಡದಿಂದ ಸಿಟಿ ಬಸ್ಸಿನ ದೂರದಲ್ಲಿದೆ. ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ 1979ರಿಂದ 2009ರ ತನಕ ಇದ್ದ ಗೌತಮ್ ದೇಸಿರಾಜು 1989ರಲ್ಲಿ ಕ್ರಿಸ್ಟಲ್ ಎಂಜಿನಿಯರಿಂಗ್ ಬಗ್ಗೆ ಬರೆದ ಪುಸ್ತಕ ಆ ಕ್ಷೇತ್ರದ ಅಡಿಗಲ್ಲುಗಳಲ್ಲಿ ಒಂದು. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1899ರಿಂದ ಮಾರಾಟದಲ್ಲಿದ್ದ ಆಸ್ಪಿರಿನ್‌ಗೆ ಇನ್ನೊಂದು ಹರಳುರೂಪ ಇದೆಯೇ ಎಂಬ ಚರ್ಚೆ 2005ರ ನಂತರ ಎದ್ದಾಗ, ಅದನ್ನು ಬಿಡಿಸಿದವರಲ್ಲಿ ಅವರೂ ಇದ್ದರು. ಅವರ ತರಬೇತಿ ಆರ್ಗ್ಯಾನಿಕ್ ಕೆಮಿಸ್ಟ್ರಿಯದೇ. ಆದರೆ ಅವರು ಕೇಳಿದ ಪ್ರಶ್ನೆ, ಅಣುಗಳ ನಡುವಿನ ದುರ್ಬಲ ಸೆಳೆತಗಳು ಅವುಗಳ ಜೋಡಣೆಯನ್ನು ಹೇಗೆ ನಿರ್ಧರಿಸುತ್ತವೆ ಎಂಬುದು. ಮನೆಯಲ್ಲಿ ಕೂತು “ಇದು ಆರ್ಗ್ಯಾನಿಕ್, ಅದು ಫಿಸಿಕಲ್” ಎಂದು ಗೋಡೆ ಎಬ್ಬಿಸುವವರು ಈ ಒಂದು ಉದಾಹರಣೆಯ ಮುಂದಾದರೂ ತಡೆಯಬೇಕು.

ಹರಳಿನ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ನೊವಾರ್ಟಿಸ್ ಕಂಪನಿ ರಕ್ತ ಕ್ಯಾನ್ಸರಿನ ಗ್ಲಿವೆಕ್ ಔಷಧದ ಪೇಟೆಂಟಿಗಾಗಿ ಹೋರಾಡಿದ್ದು ಯಾವುದರ ಮೇಲೆ? ಇಮಾಟಿನಿಬ್ ಮೆಸಿಲೇಟ್ ಎಂಬ ವಸ್ತುವಿನ ಬೀಟಾ ಹರಳುರೂಪದ ಮೇಲೆ. ಈ ರೂಪ ಸರಾಗವಾಗಿ ಹರಿಯುತ್ತದೆ, ಥರ್ಮೊಡೈನಾಮಿಕ್ ಸ್ಥಿರತೆ ಹೆಚ್ಚು, ತೇವ ಹೀರುವುದು ಕಡಿಮೆ ಎಂಬುದು ಕಂಪನಿಯ ವಾದ. ಅದನ್ನು ವಿರೋಧಿಸಿದವರಲ್ಲಿ ಹೈದರಾಬಾದಿನದೇ ಆದ ನ್ಯಾಟ್ಕೊ ಕಂಪನಿಯೂ ಇತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಈ ಗುಣಗಳು ತಯಾರಿಕೆಗೂ ದಾಸ್ತಾನಿಗೂ ಅನುಕೂಲವಾಗಬಹುದು, ಅವುಗಳಿಂದ ರೋಗ ಗುಣಪಡಿಸುವ ಶಕ್ತಿ ಹೆಚ್ಚಿತು ಎಂದಾಗುವುದಿಲ್ಲ, ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ) ಪ್ರಕಾರ ಪೇಟೆಂಟ್ ಇಲ್ಲ. ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿದ್ದ ಔಷಧ ಅದರ ಹತ್ತನೇ ಒಂದರ ಆಸುಪಾಸಿನಲ್ಲಿ ಸಿಗುವಂತೆ ಉಳಿದದ್ದು ಹೀಗೆ. ಈ ಮೊಕದ್ದಮೆಯ ಕಾಗದಪತ್ರ ಓದಿ ಅರ್ಥ ಮಾಡಿಕೊಳ್ಳಲು ನೇಮ್ಡ್ ರಿಯಾಕ್ಷನ್‌ಗಳ ಪಟ್ಟಿ ಸಾಲದು. ಥರ್ಮೊಡೈನಾಮಿಕ್ ಸ್ಥಿರತೆ ಎಂದರೆ ಏನು, ಅದು ಏನನ್ನು ಸಾಬೀತು ಮಾಡುತ್ತದೆ, ಏನನ್ನು ಮಾಡುವುದಿಲ್ಲ ಎಂದು ಗೊತ್ತಿರಬೇಕು. ನಮ್ಮ ಜೆನೆರಿಕ್ ಉದ್ಯಮ ತಲೆ ಎತ್ತಿ ನಿಂತಿರುವುದು ಇಂಥ ಜಗಳಗಳನ್ನು ಗೆದ್ದು.

ಇನ್ನು ಜೀವದ ಪ್ರಶ್ನೆ. ಆರ್ ಅಂಡ್ ಡಿಯಲ್ಲಿ 1 ಲೀಟರಿನ ಫ್ಲಾಸ್ಕಿನಲ್ಲಿ ಸುಖವಾಗಿ ನಡೆದ ಕ್ರಿಯೆ ಪ್ಲಾಂಟಿನ 1000 ಲೀಟರಿನ ರಿಯಾಕ್ಟರಿನಲ್ಲಿ ರೊಚ್ಚಿಗೇಳಬಹುದು. ಒಂದೇ ಆಕಾರದ ಪಾತ್ರೆಯ ಗಾತ್ರ 1000 ಪಟ್ಟು ಹೆಚ್ಚಾದರೆ ಪ್ರತಿ ಲೀಟರಿಗೆ ಸಿಗುವ ಹೊರಮೈ ಹತ್ತನೇ ಒಂದಕ್ಕೆ ಇಳಿಯುತ್ತದೆ. ಮದುವೆ ಮನೆಯ ಹಂಡೆಯ ಅನ್ನ ಗಂಟೆಗಟ್ಟಲೆ ಸುಡುತ್ತಲೇ ಇರುವುದಕ್ಕೂ ಎಲೆಗೆ ಬಡಿಸಿದ್ದು ಬೇಗ ಆರುವುದಕ್ಕೂ ಇದೇ ಕಾರಣ. ಶಾಖ ಹುಟ್ಟುವ ವೇಗ ಉಷ್ಣತೆಯ ಜೊತೆ ಘಾತೀಯವಾಗಿ ಏರುತ್ತದೆ. ಶಾಖ ಹೊರಹೋಗುವ ವೇಗ ಉಷ್ಣತೆಯ ವ್ಯತ್ಯಾಸಕ್ಕೆ ತಕ್ಕಷ್ಟೇ ಏರುತ್ತದೆ. ಮೊದಲನೆಯದು ಎರಡನೆಯದನ್ನು ದಾಟಿದ ಕ್ಷಣದಿಂದ ಆ ಬ್ಯಾಚು ಯಾರ ಮಾತೂ ಕೇಳುವುದಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ತುಂಬಿದ ಟ್ಯಾಂಕಿಗೆ ನೀರು ಸೇರಿದಾಗ ಶುರುವಾದದ್ದು ಇಂಥದೇ ಕ್ರಿಯೆ. ಆ ಟ್ಯಾಂಕನ್ನು ತಣ್ಣಗಿಡಬೇಕಾದ ಶೀತಲ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಆ ಯಂತ್ರವನ್ನು ನಿಲ್ಲಿಸುವ ತೀರ್ಮಾನ ಖರ್ಚಿನ ಲೆಕ್ಕದಲ್ಲಿ ಉಳಿತಾಯ, ಅರ‍್ಹೀನಿಯಸ್ ಲೆಕ್ಕದಲ್ಲಿ ಅಪರಾಧ. ಜೀಡಿಮೆಟ್ಲ, ಬೊಲ್ಲಾರಂ, ಪಾಶಮೈಲಾರಂನಲ್ಲಿ, ಬೀದರಿನ ಕೋಳಾರದಲ್ಲಿ, ಯಾದಗಿರಿಯ ಕಡೇಚೂರಿನಲ್ಲಿ ರಾತ್ರಿ ಪಾಳಿಯಲ್ಲಿ ರಿಯಾಕ್ಟರಿನ ಪಕ್ಕ ನಿಲ್ಲುವವರು ಯಾರ ಮಕ್ಕಳು? ನಮ್ಮವರೇ. ಅವರಿಗೆ ಈ ಎರಡು ವೇಗಗಳ ಲೆಕ್ಕ ಬೇಡ ಎನ್ನುವ ಸಲಹೆಗಾರರು ಯಾವ ಹಿತದ ಮಾತಾಡುತ್ತಿದ್ದಾರೆ?

ಇನ್ನೊಂದು ಮಾತು. ಹೈದರಾಬಾದನ್ನು ಔಷಧ ನಗರವಾಗಿಸಿದವರ ಪೈಕಿ ಎಲ್ಲರೂ ಮೊದಲು ಹೇಳುವ ಹೆಸರು ಕಲ್ಲಂ ಅಂಜಿ ರೆಡ್ಡಿ ಅವರದು. ಐಡಿಪಿಎಲ್‌ನಲ್ಲಿ ಕೆಲಸ ಮಾಡಿ, 1984ರಲ್ಲಿ ಡಾ. ರೆಡ್ಡೀಸ್ ಕಟ್ಟಿದ ಅವರು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡಿದ್ದು ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ. ಥರ್ಮೊಡೈನಾಮಿಕ್ಸ್, ಕೈನೆಟಿಕ್ಸ್ ತೆಗೆದುಹಾಕಿದರೆ ಆ ಶಾಸ್ತ್ರದಲ್ಲಿ ಉಳಿಯುವುದು ಕೊಳವೆ ಮತ್ತು ಬೋಲ್ಟು. ಫಾರ್ಮಾ ಎಂದರೆ ಆರ್ಗ್ಯಾನಿಕ್ ಎಂದು ಬೋಧಿಸುವವರು ತಾವೇ ಪೂಜಿಸುವ ಯಶಸ್ಸಿನ ಬೇರನ್ನು ನೋಡಿಲ್ಲ.

ಎರಡನೆಯ ವಾದ ಗಣಿತದ್ದು. ಎಂಎಸ್ಸಿ ಮಟ್ಟದ ಭೌತ ರಸಾಯನಶಾಸ್ತ್ರಕ್ಕೆ ಬೇಕಾದ ಗಣಿತ ಯಾವುದು ಎಂದು ಕೂತು ಪಟ್ಟಿ ಮಾಡಿ. ಲಾಗರಿದಮ್, ಡಿಫರೆನ್ಸಿಯೇಷನ್, ಕೆಲವು ನಿಯತ ರೂಪದ ಇಂಟಿಗ್ರಲ್‌ಗಳು, ಪಾರ್ಷಿಯಲ್ ಡೆರಿವೇಟಿವ್, ಸರಳ ಡಿಫರೆನ್ಷಿಯಲ್ ಸಮೀಕರಣ, ಡಿಟರ್ಮಿನೆಂಟ್. ಬ್ಯುಟಾಡೈಈನ್‌ನ ಹಕೆಲ್ ಲೆಕ್ಕ ಕೇಳುವುದು ನಾಲ್ಕು ಸಾಲಿನ ಡಿಟರ್ಮಿನೆಂಟನ್ನು. ಪಿಯುಸಿಯ ಗಣಿತದಿಂದ ಇದು ಬಹಳ ದೂರವಿಲ್ಲ. ಸಿಬಿಝಡ್ ಓದಿದವರಿಗೆ ಒಂದು ಸೆಮಿಸ್ಟರಿನ ದುಡಿಮೆ. ಕೈ ಹಿಡಿದು ಕಲಿಸುವವರಿಲ್ಲ ಎನ್ನುವುದು ನಿಜವಾದ ದೂರು. ದಕ್ಕುವುದಿಲ್ಲ ಎನ್ನುವುದು ಸೋಮಾರಿತನದ ಸಬೂಬು. ಇದೇ ಮಕ್ಕಳು ಆರ್ಗ್ಯಾನಿಕ್‌ನಲ್ಲಿ ನೂರಾರು ರಿಯಾಕ್ಷನ್, ರೀಏಜೆಂಟ್, ರಿಅರೇಂಜ್‌ಮೆಂಟುಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಅಷ್ಟು ಶ್ರಮಕ್ಕೆ ಹೆದರದವರಿಗೆ ಆರು ಸಾಧನಗಳ ಗಣಿತ ಅಸಾಧ್ಯವೆಂದು ಯಾರು ತೀರ್ಮಾನಿಸಿದರು? ಹೆಣ್ಣುಮಕ್ಕಳ ವಿಷಯದಲ್ಲಿ ಈ ತೀರ್ಮಾನ ಇನ್ನೂ ಬೇಗ ಆಗಿಬಿಡುತ್ತದೆ.

ಕನ್ನಡ ಮಾಧ್ಯಮದ ಮಾತು ತೆಗೆಯುವವರಿಗೆ ಇದೇ ನೆಲದ ಇತಿಹಾಸ ಉತ್ತರ ಕೊಡುತ್ತದೆ. ಕಾಚಿಗೂಡಕ್ಕೆ ಕೂಗಳತೆಯಲ್ಲಿರುವ ಉಸ್ಮಾನಿಯಾ ವಿಶ್ವವಿದ್ಯಾಲಯ 1917ರ ಫರ್ಮಾನಿನಿಂದ ಹುಟ್ಟಿದ್ದು. ಅಲ್ಲಿ ಸುಮಾರು ಮೂರು ದಶಕ ವಿಜ್ಞಾನವನ್ನೂ ಉರ್ದುವಿನಲ್ಲಿ ಕಲಿಸಿದರು. ಅದಕ್ಕಾಗಿ ಅನುವಾದ ವಿಭಾಗವೊಂದನ್ನೇ ತೆರೆದು ಪುಸ್ತಕ ಸಿದ್ಧಪಡಿಸಿದರು. ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಕಲಬುರಗಿ, ರಾಯಚೂರು, ಬೀದರಿನಿಂದ ಹೋದ ಕನ್ನಡಿಗರು ತಮ್ಮ ತಾಯ್ನುಡಿಯಲ್ಲದ ಆ ಭಾಷೆಯಲ್ಲಿ ಕಲಿತು ಪಾಸಾದರು. ನಮ್ಮ ಅಜ್ಜಂದಿರು ದಾಟಿದ ಹೊಳೆಯನ್ನು ಮೊಮ್ಮಕ್ಕಳು ದಾಟಲಾರರು ಎನ್ನುವುದಕ್ಕೆ ಆಧಾರವೇನು? ಸೂತ್ರಕ್ಕೆ ಮಾಧ್ಯಮವಿಲ್ಲ. ಅದರ ಸುತ್ತಲಿನ ವಿವರಣೆಗೆ ಇದೆ. ಆ ವಿವರಣೆಯನ್ನು ಕನ್ನಡದಲ್ಲೋ ತೆಲುಗಿನಲ್ಲೋ ಒಂದು ಸಾರಿ ಹೇಳಿ, ಆಮೇಲೆ ಇಂಗ್ಲಿಷ್ ಪುಸ್ತಕ ಕೈಗಿಡುವ ಮೇಷ್ಟರು ಬೇಕು. ಕೋಠಿಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಆಟ್ಕಿನ್ಸ್, ಗ್ಲಾಸ್‌ಸ್ಟನ್ ಸಿಗುವುದು ಕಷ್ಟವಲ್ಲ. ಅವನ್ನು ತೆರೆದು ಕೂರುವ ಧೈರ್ಯ ಕೊಡುವವರು ಸಿಗುವುದು ಕಷ್ಟ.

ಮೂರನೆಯ ವಾದ, ಯಂತ್ರವೇ ಲೆಕ್ಕ ಮಾಡುತ್ತದೆ ಎನ್ನುವುದು. ಮಾಡುತ್ತದೆ. ಅರ‍್ಹೀನಿಯಸ್ ಗೆರೆಯನ್ನು ಎಕ್ಸೆಲ್ ಕ್ಷಣದಲ್ಲಿ ಎಳೆಯುತ್ತದೆ. ಮೂರು ಬಿಂದುಗಳ ಮೇಲೆ ನೇರ ಗೆರೆ ಎಳೆದದ್ದು ಸರಿಯೇ, ನಡುವೆ ಕೆಡುವ ಬಗೆಯೇ ಬದಲಾಗಿದೆಯೇ ಎಂದು ಅದು ಕೇಳುವುದಿಲ್ಲ. ಅಣುಗಳ ಶಕ್ತಿಯನ್ನು ಲೆಕ್ಕ ಹಾಕುವ ಸಾಫ್ಟ್‌ವೇರುಗಳ ಹಿಂದಿರುವ ವಿಧಾನಗಳಿಗಾಗಿ ವಾಲ್ಟರ್ ಕೋನ್ ಮತ್ತು ಜಾನ್ ಪೋಪಲ್ ಅವರಿಗೆ 1998ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರು ಮಾಡಿದ್ದು ಭೌತ ರಸಾಯನಶಾಸ್ತ್ರವನ್ನೇ. ಯಂತ್ರ ಸುಲಭವಾದಷ್ಟೂ ಅದರ ಉತ್ತರವನ್ನು ಅನುಮಾನಿಸಬಲ್ಲವರ ಬೆಲೆ ಏರುತ್ತದೆ. ಗುಂಡಿ ಒತ್ತುವವರ ಬೆಲೆ ಇಳಿಯುತ್ತದೆ.

ಹಾಗಾದರೆ ಈ ತಪ್ಪು ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಿದ್ದು ಹೇಗೆ? ಬಯ್ಯಬೇಕಾದದ್ದು ಮಾವಂದಿರನ್ನಷ್ಟೇ ಅಲ್ಲ, ನಮ್ಮ ತರಗತಿಗಳನ್ನೂ. ಪ್ರಾಕ್ಟಿಕಲ್‌ನಲ್ಲಿ ಮೀಥೈಲ್ ಅಸಿಟೇಟಿನ ಜಲವಿಚ್ಛೇದನ ಮಾಡದ ವಿದ್ಯಾರ್ಥಿ ಇಲ್ಲ. ಒಂದೇ ಉಷ್ಣತೆಯಲ್ಲಿ ಮಾಡಿ, ರೇಟ್ ಕಾನ್‌ಸ್ಟಂಟ್ ತೆಗೆದು, ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರೆ ಮುಗಿಯಿತು. ಅದನ್ನೇ ಎರಡು ಉಷ್ಣತೆಯಲ್ಲಿ ಮಾಡಿಸಿ, ಆಕ್ಟಿವೇಷನ್ ಎನರ್ಜಿ ತೆಗೆಸಿ, “ಈಗ ಈ ಎಸ್ಟರ್ ಒಂದು ಔಷಧ ಅಂದುಕೊಳ್ಳಿ, 25 ಡಿಗ್ರಿಯಲ್ಲಿ ಇದರ ಶೇ 10 ಕೆಡಲು ಎಷ್ಟು ದಿನ ಬೇಕು” ಎಂದು ಕೇಳುವ ಮೇಷ್ಟರು ಎಷ್ಟು ಮಂದಿ? ಆ ಒಂದು ಪ್ರಶ್ನೆ ಕೇಳಿದ್ದರೆ ಸ್ಟೆಬಿಲಿಟಿ ವಿಭಾಗದ ಕೆಲಸದ ಅರ್ಧ ಅಲ್ಲೇ ಕಲಿತಂತಾಗುತ್ತಿತ್ತು. ಅದರ ಬದಲು ಡೆರಿವೇಷನ್ ಉರು ಹೊಡೆಸಿ, “ಇಂಪಾರ್ಟೆಂಟ್ ಕ್ವೆಶ್ಚನ್” ಗುರುತು ಹಾಕಿಕೊಟ್ಟು, ಒಣ ಶಾಸ್ತ್ರವೆಂಬ ಹೆಸರು ತಂದಿಟ್ಟದ್ದು ನಾವೇ. ಕೋಚಿಂಗಿನವರು ಇನ್ನೊಂದು ಹೆಜ್ಜೆ ಮುಂದೆ: ಗೇಟ್‌ನ ಕೆಮಿಸ್ಟ್ರಿ ಪಠ್ಯಕ್ರಮದ ಮೂರು ಭಾಗಗಳಲ್ಲಿ ಒಂದು ಫಿಸಿಕಲ್ ಎಂದು ಗೊತ್ತಿದ್ದೂ ಅದನ್ನು “ಬಿಟ್ಟರೂ ನಡೀತದ” ಎನ್ನುತ್ತಾರೆ. ಮೂರರಲ್ಲಿ ಒಂದನ್ನು ಬಿಟ್ಟು ಕೂತ ಮಗು ಕಟ್ ಆಫ್ ದಾಟದಿದ್ದಾಗ ಅದರ ಹಣೆಬರಹವನ್ನು ಬಯ್ಯುತ್ತಾರೆ.

ಎಲ್ಲರೂ ಫಿಸಿಕಲ್ ತೆಗೆದುಕೊಳ್ಳಲಿ ಎಂದು ನಾನು ಹೇಳುತ್ತಿಲ್ಲ. ಸಿಂಥೆಸಿಸ್‌ನಲ್ಲಿ ನಿಜವಾದ ಆಸಕ್ತಿ ಇರುವವರು ಆರ್ಗ್ಯಾನಿಕ್ ಓದಲಿ. ಅದು ದೊಡ್ಡ ವಿದ್ಯೆ. ಆದರೆ ಅವರೂ ಫಿಸಿಕಲ್ ಪೇಪರುಗಳನ್ನು ಪಾಸ್ ಮಾರ್ಕಿಗೆ ಓದಿ ಎಸೆಯಬಾರದು. ಫಿಸಿಕಲ್ ತೆಗೆದುಕೊಂಡವರು ಎಚ್‌ಪಿಎಲ್‌ಸಿ, ಡಿಎಸ್‌ಸಿ, ಎಕ್ಸ್‌ಆರ್‌ಡಿಯಂಥ ಯಂತ್ರಗಳಲ್ಲಿ ಕೈ ಪಳಗಿಸಿಕೊಳ್ಳಲಿ. ಸ್ಟೆಬಿಲಿಟಿ, ಫಾರ್ಮುಲೇಷನ್, ಸಾಲಿಡ್ ಸ್ಟೇಟ್, ಪ್ರಾಸೆಸ್ ಸೇಫ್ಟಿ ವಿಭಾಗಗಳ ಬಾಗಿಲನ್ನೇ ನೇರವಾಗಿ ತಟ್ಟಲಿ. ಬ್ಯಾಟರಿ, ಫ್ಯುಯೆಲ್ ಸೆಲ್, ಕೆಟಲಿಸ್ಟ್ ಕೆಲಸಗಳಿಗೆ ಎಲೆಕ್ಟ್ರೋಕೆಮಿಸ್ಟ್ರಿ ಬಲ್ಲವರು ಬೇಕೇ ಬೇಕು. ಲಿಥಿಯಂ ಅಯಾನ್ ಬ್ಯಾಟರಿಗೆ 2019ರ ನೊಬೆಲ್ ಬಂದ ಮೇಲೂ ಈ ವಿದ್ಯೆಗೆ ಮಾರುಕಟ್ಟೆ ಇಲ್ಲ ಎನ್ನುವವರು ಕೈಯಲ್ಲಿರುವ ಮೊಬೈಲಿನ ಹಿಂಬದಿ ತೆಗೆದು ನೋಡಲಿ.

ಹಾಗೆಯೇ ಹಿರಿಯರು ತಮ್ಮ ಸಲಹೆಯ ಕೊನೆಯ ಅರ್ಥವನ್ನೊಮ್ಮೆ ಯೋಚಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ ಮೋರಿಸ್ ಟ್ರಾವರ್ಸ್, ರ‍್ಯಾಮ್ಸೆ ಜೊತೆ 1898ರಲ್ಲಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಕಂಡುಹಿಡಿದ ಭೌತ ರಸಾಯನವಿಜ್ಞಾನಿ. ರೋಹಿತಶಾಸ್ತ್ರದಿಂದ ಶುರುಮಾಡಿ ಘನಸ್ಥಿತಿ ರಸಾಯನಶಾಸ್ತ್ರವನ್ನು ಈ ದೇಶದಲ್ಲಿ ಬೆಳೆಸಿದ ಸಿ.ಎನ್.ಆರ್. ರಾವ್ ನಮ್ಮವರೇ, ಭಾರತ ರತ್ನ. ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಅವರು ಆರಿಸಿಕೊಂಡ ದಾರಿಗೆ ಸ್ವಂತ ಮಕ್ಕಳು ಹೊರಟರೆ ಅಡ್ಡ ನಿಲ್ಲುತ್ತೇವೆ. ಪದಾರ್ಥ ಏಕೆ ಕೆಡುತ್ತದೆ, ಎಷ್ಟು ಹೊತ್ತಿಗೆ ಕೆಡುತ್ತದೆ, ಯಾವಾಗ ಸಿಡಿಯುತ್ತದೆ ಎಂದು ಮೊದಲೇ ಹೇಳಬಲ್ಲವರು ಆಫೀಸಿನಲ್ಲಿ ಕೂತು ತೀರ್ಮಾನ ಬರೆಯುತ್ತಾರೆ. ಉಳಿದವರು ಆ ತೀರ್ಮಾನವನ್ನು ರಾತ್ರಿ ಪಾಳಿಯಲ್ಲಿ ಜಾರಿ ಮಾಡುತ್ತಾರೆ. “ಫಿಸಿಕಲ್ ಬ್ಯಾಡ” ಎನ್ನುವವರು ನಮ್ಮ ಮಕ್ಕಳಿಗೆ ನೌಕರಿ ಕೊಡಿಸುತ್ತಿರಬಹುದು. ಆದರೆ ಎರಡನೆಯ ಸಾಲಿನ ನೌಕರಿಯನ್ನೇ ಮತ್ತೆ ಮತ್ತೆ ಕೊಡಿಸುತ್ತಿದ್ದಾರೆ.